ಕ್ಲಬ್ಬಿನ ತಂಪಿಗೂ ಒಂದು ಪಂಚಾಂಗ

ಬೆಂಗಳೂರಿನ ಯಾವುದೇ ಹಳೆಯ ಕ್ಲಬ್ಬಿನ ಆಡಳಿತ ಸಮಿತಿಯಲ್ಲಿ ಹವಾನಿಯಂತ್ರಣದ ವಿಷಯ ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ‘ಎಷ್ಟು ಟನ್ ಬೇಕಾಗುತ್ತದೆ?’ ಎಂಬುದು. ಸಮಿತಿಯಲ್ಲಿ ವಕೀಲರಿರುತ್ತಾರೆ, ವೈದ್ಯರಿರುತ್ತಾರೆ, ನಿವೃತ್ತ ಅಧಿಕಾರಿಗಳಿರುತ್ತಾರೆ. ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಒಂದೂವರೆ ಟನ್ನಿನ ಎ.ಸಿ. ಇರುವುದರಿಂದ ಟನ್ ಎಂಬ ಮಾತು ಎಲ್ಲರಿಗೂ ಪರಿಚಿತ. ಸಭಾಂಗಣದ ಚದರಡಿಯನ್ನು ಯಾರೋ ಹೇಳಿದ ಒಂದು ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರಕ್ಕೆ ಮೂರು ಕೊಟೇಶನ್ ತರಿಸಿ, ಕಡಿಮೆಯದನ್ನು ಒಪ್ಪಿಕೊಂಡು ಮುಂದಿನ ವಿಷಯಕ್ಕೆ ಹೋಗುವುದು ರೂಢಿ. ಹೀಗೆ ಕೊಂಡ ಯಂತ್ರ ಓಡುತ್ತದೆ, ಬಿಲ್ಲೂ ಬರುತ್ತದೆ. ಆದರೆ ಸದಸ್ಯರ ದೂರು ಪುಸ್ತಕದಲ್ಲಿ ‘ಹಾಲ್ ತಣ್ಣಗಾಗುತ್ತಿಲ್ಲ’ ಎಂದು ಒಬ್ಬರು ಬರೆದರೆ, ಅದರ ಕೆಳಗಿನ ಸಾಲಿನಲ್ಲೇ ‘ಕಾರ್ಡ್ಸ್ ರೂಮಿನಲ್ಲಿ ಕೂರಲಾರದಷ್ಟು ಚಳಿ’ ಎಂದು ಇನ್ನೊಬ್ಬರು ಬರೆದಿರುತ್ತಾರೆ.

ಎರಡು ದೂರುಗಳೂ ನಿಜವಾಗಿರಲು ಸಾಧ್ಯ. ಕಚೇರಿಗೆ ಬೆಳಿಗ್ಗೆ ಒಂಬತ್ತೂವರೆಗೆ ಬಂದವರು ಸಂಜೆ ಆರರವರೆಗೆ ಹೆಚ್ಚುಕಡಿಮೆ ಅದೇ ಸಂಖ್ಯೆಯಲ್ಲಿ ಅದೇ ಜಾಗದಲ್ಲಿ ಕುಳಿತಿರುತ್ತಾರೆ. ಕ್ಲಬ್ಬಿನಲ್ಲಿ ಹಾಗಿಲ್ಲ. ಬೆಳಿಗ್ಗೆ ಐದೂವರೆಗೆ ಈಜುಕೊಳ ಮತ್ತು ಜಿಮ್, ಹನ್ನೊಂದಕ್ಕೆ ಇಸ್ಪೀಟಿನ ಮೇಜುಗಳು, ಮಧ್ಯಾಹ್ನ ಊಟದ ಕೋಣೆ, ಸಂಜೆ ಬ್ಯಾಡ್ಮಿಂಟನ್, ರಾತ್ರಿ ಬಾರ್. ಇವುಗಳ ನಡುವೆ ವಾರದಲ್ಲಿ ಐದು ದಿನ ಬೀಗ ಹಾಕಿಕೊಂಡಿದ್ದು ಶನಿವಾರ ಸಂಜೆ ಏಕಾಏಕಿ ಮುನ್ನೂರು ಜನರನ್ನು ತುಂಬಿಕೊಳ್ಳುವ ಸಭಾಂಗಣ. ಅದೇ ಕಾಂಪೌಂಡಿನ ಒಂದು ಮೂಲೆಯಲ್ಲಿ ಒಂದು ಯಂತ್ರ ಶಾಖವನ್ನು ಆಕಾಶಕ್ಕೆ ಎಸೆಯುತ್ತಿದ್ದರೆ, ಇನ್ನೊಂದು ಮೂಲೆಯಲ್ಲಿ ಮತ್ತೊಂದು ಯಂತ್ರ ವಿದ್ಯುತ್ತಿಗೆ ಹಣ ತೆತ್ತು ನೀರು ಕಾಯಿಸುತ್ತಿರುತ್ತದೆ. ಹೀಗಿರುವಲ್ಲಿ ಲೆಕ್ಕವನ್ನು ಚದರಡಿಯಿಂದ ಆರಂಭಿಸದೆ ಕ್ಲಬ್ಬಿನ ದಿನಚರಿಯಿಂದ, ಅಂದರೆ ಯಾವ ಕೋಣೆಯಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಏನು ಮಾಡುತ್ತಿರುತ್ತಾರೆ ಎಂಬುದರಿಂದ ಆರಂಭಿಸಬೇಕು ಎಂಬುದು ಈ ಕೆಲಸದಲ್ಲಿ ವರ್ಷಗಟ್ಟಲೆ ಕಳೆದ ನನ್ನ ಅಭಿಪ್ರಾಯ.

ಮೊದಲು ಟನ್ ಎಂದರೇನು ಎಂದು ನೋಡಿಬಿಡೋಣ. ಯಂತ್ರದ ತೂಕಕ್ಕೂ ಈ ಟನ್ನಿಗೂ ಸಂಬಂಧವಿಲ್ಲ. ತಂಪಿಗೆ ಮಂಜುಗಡ್ಡೆಯೇ ಗತಿಯಾಗಿದ್ದ ಕಾಲದ ಅಳತೆ ಅದು. ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಸುತ್ತಲಿನಿಂದ ಎಷ್ಟು ಶಾಖ ಹೀರುತ್ತದೆಯೋ ಅದೇ ವೇಗದಲ್ಲಿ ಶಾಖ ಹೀರಬಲ್ಲ ಯಂತ್ರವನ್ನು ಒಂದು ಟನ್ನಿನ ಯಂತ್ರ ಎಂದು ಕರೆದರು. ಈಗಿನ ಅಳತೆಯಲ್ಲಿ ಅದು ಸುಮಾರು 3.5 ಕಿಲೋವ್ಯಾಟ್.

ಈಗ ಆ ಸಭಾಂಗಣಕ್ಕೆ ಬರೋಣ. ಸುಮಾರು 3,200 ಚದರಡಿಯ ಒಂದು ಹಾಲ್, ಅದರಲ್ಲೊಂದು ಆರತಕ್ಷತೆ, ಮುನ್ನೂರು ಜನ. ಸುಮ್ಮನೆ ಕುಳಿತ ಅಥವಾ ನಿಂತು ಮಾತಾಡುತ್ತಿರುವ ಒಬ್ಬ ಮನುಷ್ಯನ ದೇಹದಿಂದ ಸುಮಾರು 120 ವ್ಯಾಟ್ ಶಾಖ ಹೊರಬರುತ್ತದೆ ಎಂದು ಇಟ್ಟುಕೊಳ್ಳಬಹುದು. ಕುಣಿಯತೊಡಗಿದರೆ ಅದು ಎರಡು ಪಟ್ಟಾಗುತ್ತದೆ. ಮುನ್ನೂರು ಜನರಿಂದ 36 ಕಿಲೋವ್ಯಾಟ್, ಅಂದರೆ ಹತ್ತು ಟನ್. ಇಷ್ಟು ಜನರ ಉಸಿರಾಟಕ್ಕೆ ತಲೆಗೆ ಸೆಕೆಂಡಿಗೆ ಏಳೆಂಟು ಲೀಟರಿನಂತೆ ಹೊರಗಿನ ಗಾಳಿಯನ್ನು ಒಳಗೆ ತರಬೇಕು. ಬೇಸಿಗೆಯ ಸಂಜೆ ಅದನ್ನು ತಂಪು ಮಾಡಲು ಇನ್ನು ಆರೇಳು ಟನ್. ದೀಪಗಳು, ಬಫೆ ಸಾಲಿನ ಬಿಸಿ ಪಾತ್ರೆಗಳು, ಗೋಡೆ ಮತ್ತು ತಾರಸಿಯಿಂದ ಇಳಿಯುವ ಕಾವು ಸೇರಿದರೆ ಮೊತ್ತ ಇಪ್ಪತ್ತು ಟನ್ನನ್ನು ದಾಟುತ್ತದೆ. ಅದೇ ಹಾಲ್ ಮಂಗಳವಾರ ಸಂಜೆ ಹನ್ನೆರಡು ಜನರ ಉಪಸಮಿತಿ ಸಭೆಗೆ ತೆರೆದಾಗ ಬೇಕಾಗುವುದು ಹೆಚ್ಚೆಂದರೆ ಮೂರು ಟನ್. ಕೋಣೆ ಅದೇ, ಚದರಡಿ ಅದೇ. ಆದರೆ ಅಗತ್ಯ ಏಳೆಂಟು ಪಟ್ಟು ಬೇರೆ. ಬೆಂಗಳೂರಿನವರು ನೆನಪಿಡಬೇಕಾದ ಇನ್ನೊಂದು ಸಣ್ಣ ಸಂಗತಿಯೂ ಇದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನ ಗಾಳಿ ಹತ್ತು ಶೇಕಡಾದಷ್ಟು ತೆಳು. ಫ್ಯಾನು ಅಷ್ಟೇ ಗಾಳಿಯನ್ನು ದೂಡಿದಂತೆ ಕಂಡರೂ ಆ ಗಾಳಿ ಹೊತ್ತೊಯ್ಯುವ ಶಾಖ ಕಡಿಮೆ. ಮಂಗಳೂರಿನಲ್ಲಿ ಸರಿಹೋದ ಆಯ್ಕೆಯನ್ನು ಕ್ಯಾಟಲಾಗ್ ನೋಡಿ ಇಲ್ಲಿಗೂ ನಕಲು ಮಾಡಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಇಪ್ಪತ್ತು ಟನ್ ಬೇಕೆಂದು ಗೊತ್ತಾದ ಮೇಲೆ ಎರಡು ದೊಡ್ಡ ಯಂತ್ರಗಳನ್ನು ಕೊಂಡರಾಯಿತಲ್ಲ ಎಂದು ಅನ್ನಿಸುವುದು ಸಹಜ. ಇಲ್ಲಿಯೇ ತೇವಾಂಶದ ಪ್ರಶ್ನೆ ಎದುರಾಗುತ್ತದೆ. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ರೂಪಿಸಿದ ವ್ಯವಸ್ಥೆಯನ್ನು ಆಧುನಿಕ ಹವಾನಿಯಂತ್ರಣದ ಆರಂಭವೆಂದು ಹೇಳುತ್ತಾರೆ. ಅಲ್ಲಿದ್ದ ತೊಂದರೆ ಕೆಲಸಗಾರರ ಸೆಖೆಯದಲ್ಲ, ಕಾಗದದ್ದು. ಗಾಳಿಯ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯನ್ನು ತಣ್ಣನೆಯ ಕೊಳವೆಯ ಸುರುಳಿಯ, ಅಂದರೆ ಕಾಯಿಲ್ ಮೇಲೆ ಹಾಯಿಸಿ ಅದರೊಳಗಿನ ನೀರನ್ನು ಹಿಂಡಿ ತೆಗೆಯುವ ಆ ಉಪಾಯವೇ ಇಂದಿಗೂ ನಮ್ಮ ಎಲ್ಲ ಎ.ಸಿ.ಗಳ ಕೆಲಸ. ಒಬ್ಬ ಮನುಷ್ಯ ಉಸಿರು ಮತ್ತು ಬೆವರಿನ ಮೂಲಕ ಗಂಟೆಗೆ ಸುಮಾರು 60 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ಮುನ್ನೂರು ಜನರಿರುವ ಹಾಲಿನ ಗಾಳಿಗೆ ಗಂಟೆಗೊಂದು ತುಂಬಿದ ಬಿಂದಿಗೆ ನೀರನ್ನು ಸುರಿದಂತೆ ಅದು. ಜುಲೈ ತಿಂಗಳ ಜಿಟಿಜಿಟಿ ಮಳೆಯ ಸಂಜೆಯಾದರೆ ಹೊರಗಿನಿಂದ ತರುವ ಗಾಳಿಯೇ ಇನ್ನೆರಡು ಬಿಂದಿಗೆಗಳನ್ನು ಹೊತ್ತು ತರುತ್ತದೆ.

ಈ ನೀರನ್ನು ಹಿಂಡಲು ಕಾಯಿಲ್ ಬಹಳ ಹೊತ್ತು ತಣ್ಣಗಿರಬೇಕು. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೆಲವೇ ನಿಮಿಷಗಳಲ್ಲಿ ಉಷ್ಣಾಂಶವನ್ನು 24 ಡಿಗ್ರಿಗೆ ಇಳಿಸಿ ನಿಂತುಬಿಡುತ್ತದೆ. ಕಾಯಿಲ್ ಮೇಲೆ ಕೂತಿದ್ದ ಹನಿಗಳು ಡ್ರೈನಿಗೆ ಹರಿಯುವ ಮೊದಲೇ ಆರಿ ಮತ್ತೆ ಕೋಣೆಗೆ ಸೇರುತ್ತವೆ. ಆಗ ಮೈಗೆ ತಣ್ಣಗೆನಿಸಿದರೂ ಜಿಗುಟು ಹೋಗುವುದಿಲ್ಲ. ಸದಸ್ಯರು ಬೇರರನ್ನು ಕರೆದು ‘ಇನ್ನೂ ಕಡಿಮೆ ಮಾಡಪ್ಪಾ’ ಎನ್ನುತ್ತಾರೆ, ಅವನು 18ಕ್ಕೆ ಇಳಿಸುತ್ತಾನೆ, ಜಿಗುಟಿನ ಜೊತೆಗೆ ಚಳಿಯೂ ಸೇರುತ್ತದೆ. ಕಾರ್ಡ್ಸ್ ರೂಮಿನ ದೂರಿನ ಮೂಲ ಬಹುಪಾಲು ಇದೇ. ಸೆಟ್ಟಿಂಗನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಆರು ಶೇಕಡಾ ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಆದರೆ ತೇವ ತೆಗೆಯದ ಯಂತ್ರದ ಕೆಳಗೆ ಕುಳಿತವರಿಗೆ ಆ ಮಾತು ಹೇಳಿ ಪ್ರಯೋಜನವಿಲ್ಲ. ಎರಡು ದೊಡ್ಡ ಯಂತ್ರಗಳ ಬದಲು ನಾಲ್ಕೈದು ಸಣ್ಣವು, ಅಥವಾ ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರ್‌ಗಳು, ಮತ್ತು ಹೊರಗಾಳಿಗೆ ಪ್ರತ್ಯೇಕವಾದ ಒಂದು ವ್ಯವಸ್ಥೆ ಇದ್ದರೆ ಮಂಗಳವಾರದ ಹನ್ನೆರಡು ಜನರಿಗೂ ಶನಿವಾರದ ಮುನ್ನೂರು ಜನರಿಗೂ ಅದೇ ಹಾಲ್ ಹೊಂದಿಕೊಳ್ಳುತ್ತದೆ.

ಬೆಂಗಳೂರಿನ ಕ್ಲಬ್ಬುಗಳಲ್ಲಿ ಕಟ್ಟಡದ ವಯಸ್ಸೂ ಒಂದು ವಿಷಯ. ಬೆಂಗಳೂರು ಕ್ಲಬ್ ಮತ್ತು ಬೌರಿಂಗ್ ಇನ್‌ಸ್ಟಿಟ್ಯೂಟ್ ಎರಡೂ 1868ರಲ್ಲಿ ಆರಂಭವಾದವು, ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಕಬ್ಬನ್ ಪಾರ್ಕಿನ ಸೆಂಚುರಿ ಕ್ಲಬ್ ಹುಟ್ಟಿತು. ಆಗ ಊರಿನ ಹವೆಯೇ ಹವಾನಿಯಂತ್ರಣ. ಆ ಕಾಲದ ಕಟ್ಟಡಗಳ ದಪ್ಪ ಗೋಡೆ, ಗಾರೆ, ಮದ್ರಾಸ್ ತಾರಸಿ, ಎತ್ತರದ ಮಾಡು, ಬಿಸಿ ಗಾಳಿ ಮೇಲೇರಿ ಹೊರಹೋಗಲು ಬಿಟ್ಟ ಗವಾಕ್ಷಿಗಳು, ಸುತ್ತ ಜಗಲಿ, ಇವೆಲ್ಲವೂ ಗಾಳಿ ಆಡಲೆಂದೇ ಮಾಡಿದವು. ಅಂಥ ಕೋಣೆಯ ಗವಾಕ್ಷಿಗಳನ್ನು ಪ್ಲೈವುಡ್ಡಿನಿಂದ ಮುಚ್ಚಿ, ಗಾಳಿ ಸೋರುವ ಹಳೆಯ ಮರದ ಬಾಗಿಲುಗಳನ್ನು ಹಾಗೆಯೇ ಬಿಟ್ಟು, ಮೇಲೆ ಫಾಲ್ಸ್ ಸೀಲಿಂಗ್ ಹೊಡೆದು ಅದರೊಳಗೆ ಅಡಗುವ ಕ್ಯಾಸೆಟ್ ಎ.ಸಿ. ಕೂರಿಸಿದರೆ ಮುಚ್ಚಿದ ಜಾಗದೊಳಗಿನ ತೇವ ಗಾರೆಗೆ ಇಳಿಯುತ್ತದೆ. ಮೂರನೆಯ ಮಳೆಗಾಲದ ಹೊತ್ತಿಗೆ ಸುಣ್ಣ ಹಕ್ಕಳೆಯಾಗಿ ಏಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ದಪ್ಪ ಗೋಡೆಯಿಂದ ಲಾಭವೂ ಇದೆ. ಒಮ್ಮೆ ತಣ್ಣಗಾದರೆ ಅದು ಬಹಳ ಹೊತ್ತು ತಣ್ಣಗಿರುತ್ತದೆ. ಏಳು ಗಂಟೆಯ ಸಮಾರಂಭಕ್ಕೆ ಆರೂ ಮುಕ್ಕಾಲಿಗೆ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಹಚ್ಚುವ ಬದಲು ನಾಲ್ಕೂವರೆಯಿಂದ ಒಂದೊಂದಾಗಿ ಹಚ್ಚುತ್ತ ಬಂದರೆ ಗೋಡೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಹೈಟೆನ್ಷನ್ ಸಂಪರ್ಕವಿರುವ ಕ್ಲಬ್ಬುಗಳು ಬಳಸಿದ ಯೂನಿಟ್ಟಿಗಲ್ಲದೆ ತಿಂಗಳಲ್ಲಿ ಒಮ್ಮೆ ಮುಟ್ಟಿದ ಗರಿಷ್ಠ ಬೇಡಿಕೆಗೂ ಹಣ ಕಟ್ಟುತ್ತವೆ. ಕೆಲವೇ ನಿಮಿಷಗಳ ಆ ಅವಸರಕ್ಕೆ ಇಡೀ ತಿಂಗಳ ಬಿಲ್ಲು ಬೆಲೆ ತೆರುತ್ತದೆ.

ಅಡುಗೆಮನೆಯ ಚಿಮಣಿ ಈ ಲೆಕ್ಕವನ್ನು ಕದ್ದು ಕೆಡಿಸುವ ಇನ್ನೊಂದು ಜಾಗ. ತಂದೂರಿ ಮತ್ತು ಬಾಣಲೆಗಳ ಮೇಲಿನ ದೊಡ್ಡ ಎಕ್ಸಾಸ್ಟ್ ಎಷ್ಟು ಗಾಳಿಯನ್ನು ಹೊರಗೆ ದೂಡುತ್ತದೆಯೋ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಅಡುಗೆಮನೆಗೆ ಬೇರೆಯೇ ಗಾಳಿ ಕೊಡದಿದ್ದರೆ ಅದು ಪಕ್ಕದ ಊಟದ ಕೋಣೆಯ ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದನ್ನು ಪರೀಕ್ಷಿಸಲು ಉಪಕರಣವೇನೂ ಬೇಡ. ಊಟದ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲನ್ನು ಎರಡು ಬೆರಳಷ್ಟು ತೆರೆದು ಆ ಸಂದಿಗೆ ಒಂದು ಪೇಪರ್ ನ್ಯಾಪ್ಕಿನ್ ಹಿಡಿಯಿರಿ. ಅದು ಒಳಗೆ ಸೆಳೆದುಕೊಂಡು ಪಟಪಟ ಎಂದರೆ ನೀವು ಸದಸ್ಯರಿಗಾಗಿ ತಣ್ಣಗೆ ಮಾಡಿದ ಗಾಳಿ ಎಣ್ಣೆ ಹೊಗೆಯ ಜೊತೆ ತಾರಸಿ ಸೇರುತ್ತಿದೆ ಎಂದರ್ಥ. ಒಂದು ಕ್ಲಬ್ಬಿನಲ್ಲಿ ಹೀಗೆ ಹಿಡಿದ ನ್ಯಾಪ್ಕಿನ್ ಕೈಯಿಂದಲೇ ಕಿತ್ತುಕೊಂಡು ಹೋಯಿತು. ಅಲ್ಲಿನ ಸ್ಟುವರ್ಡ್ ನಗುತ್ತ, ‘ಅದಕ್ಕೇ ಸಾರ್, ಈ ಬಾಗಿಲು ಎಳೆಯೋಕೆ ಎರಡು ಕೈ ಬೇಕು’ ಎಂದರು.

ಆಟದ ಕೋಣೆಗಳಲ್ಲಿ ಜನರಿಗಿಂತ ಆಟದ ಸಾಮಾನು ಹೆಚ್ಚು ನಾಜೂಕು. ಬ್ಯಾಡ್ಮಿಂಟನ್ನಿನ ಗರಿಯ ಕಾಕ್ ಐದು ಗ್ರಾಮಿನ ಆಸುಪಾಸಿನದು. ಅಂಕಣದ ಮೇಲೆ ಅಡ್ಡಕ್ಕೆ ಬೀಸುವ ಸಣ್ಣ ಗಾಳಿಯೂ ಅದರ ದಾರಿ ತಪ್ಪಿಸುತ್ತದೆ. ಆದ್ದರಿಂದ ಅಲ್ಲಿ ಗಾಳಿಯನ್ನು ಅಂಕಣದ ಬದಿಗಳಲ್ಲಿ ಬಹಳ ನಿಧಾನವಾಗಿ ಇಳಿಸಬೇಕಾಗುತ್ತದೆ. ಬಟ್ಟೆಯ ಡಕ್ಟುಗಳು, ಅಂದರೆ ಗಾಳಿ ಒಯ್ಯುವ ಕೊಳವೆಗಳು, ಇದಕ್ಕೆ ಚೆನ್ನಾಗಿ ಒದಗುತ್ತವೆ. ಸ್ಕ್ವಾಷ್ ಕೋರ್ಟಿನ ಗೋಡೆ ಬೆವರಿದರೆ ಚೆಂಡು ಪುಟಿಯುವ ಬದಲು ಜಾರುತ್ತದೆ, ನೆಲ ಜಾರಿ ಕಾಲೂ ಉಳುಕುತ್ತದೆ. ಗ್ರಂಥಾಲಯದ ಬಗ್ಗೆ ಹೇಳುವುದು ಹೆಚ್ಚಿಲ್ಲ: ತೇವ 65 ಶೇಕಡಾ ದಾಟದಂತೆ ನೋಡಿಕೊಂಡರೆ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದಿಲ್ಲ, ಅದಕ್ಕೆ ಗಾಳಿಯ ತೇವ ತೆಗೆಯುವ ಒಂದು ಸಣ್ಣ ಡಿಹ್ಯೂಮಿಡಿಫೈಯರ್ ಸಾಕು.

ಸ್ನೂಕರ್ ಕೋಣೆಯ ವಿಷಯ ಮಾತ್ರ ಸ್ವಲ್ಪ ನಿಂತು ಹೇಳುವಂಥದು. ಮೇಜಿನ ಹಸಿರು ಉಣ್ಣೆಬಟ್ಟೆ ತೇವವನ್ನು ಹೀರಿಕೊಂಡರೆ ಚೆಂಡು ಭಾರವಾದಂತೆ ಓಡುತ್ತದೆ, ಅಂಚಿಗೆ ಬಡಿದು ಮರಳುವಾಗ ಕೋನವೂ ಬದಲಾಗುತ್ತದೆ. ದೊಡ್ಡ ಪಂದ್ಯಗಳ ಮೇಜುಗಳಲ್ಲಿ ಬಟ್ಟೆಯ ಕೆಳಗಿನ ಕಲ್ಲಿನ ಹಾಸಿಗೆಗೆ ಹೀಟರ್ ಅಳವಡಿಸಿರುವುದು ಈ ಕಾರಣಕ್ಕೆ. ಹಾಗಾಗಿ ಮೇಲಿನಿಂದ ತಂಪು, ಕೆಳಗಿನಿಂದ ಬಿಸಿ, ಎರಡೂ ಒಂದೇ ಕೋಣೆಯಲ್ಲಿ ಒಂದೇ ಹೊತ್ತಿಗೆ ನಡೆಯುತ್ತಿರುತ್ತವೆ. ಭಾರತದ ಸೇನಾ ಮೆಸ್ಸುಗಳಲ್ಲಿ ಹುಟ್ಟಿ ನೀಲಗಿರಿಯ ಊಟಿ ಕ್ಲಬ್ಬಿನಲ್ಲಿ ನಿಯಮ ಪಡೆದ ಆಟಕ್ಕೆ ಬಿಸಿ ಮೇಜು ಬೇಕಾಗುತ್ತದೆ ಎಂದು ಹೊಸ ಸದಸ್ಯರಿಗೆ ಹೇಳಿದರೆ ಅವರು ನಂಬುವುದಿಲ್ಲ.

ಬಿಸಿಯ ಮಾತು ಬಂತು. ಬೆಂಗಳೂರಿನ ಕ್ಲಬ್ಬಿಗೆ ಕೋಣೆ ಕಾಯಿಸುವ ಅಗತ್ಯ ವರ್ಷದಲ್ಲಿ ಕೆಲವು ರಾತ್ರಿ ಬಿದ್ದರೆ ಹೆಚ್ಚು. ಇಲ್ಲಿ ಬಿಸಿ ಎಂದರೆ ನೀರು. ಅತಿಥಿ ಕೋಣೆಗಳ ಸ್ನಾನದ ನೀರು, ಸ್ಟೀಮ್ ರೂಮು, ಮತ್ತು ಎಲ್ಲಕ್ಕಿಂತ ದೊಡ್ಡ ಬಾಯಿಯ ಈಜುಕೊಳ. 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ ಸುಮಾರು 4.7 ಲಕ್ಷ ಲೀಟರ್ ನೀರಿರುತ್ತದೆ. ಅದನ್ನು ಒಂದೇ ಒಂದು ಡಿಗ್ರಿ ಏರಿಸಲು ಸುಮಾರು 545 ಯೂನಿಟ್ ಶಾಖ ಬೇಕು. ಗೀಸರಿನ ಹಾಗೆ ಸುರುಳಿಯಿಂದ ಕಾಯಿಸಿದರೆ ಅಷ್ಟೂ ಯೂನಿಟ್ ವಿದ್ಯುತ್ತೇ ಖರ್ಚು. ಹೀಟ್ ಪಂಪಾದರೆ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ಸುರಿಯುತ್ತದೆ. ಎ.ಸಿ.ಯನ್ನು ಹಿಂದುಮುಂದಾಗಿ ತಿರುಗಿಸಿಟ್ಟಂತೆ ಅದರ ಕೆಲಸ. ಒಂದು ಯೂನಿಟ್ ವಿದ್ಯುತ್ತಿಗೆ ನಾಲ್ಕೈದು ಯೂನಿಟ್ ಶಾಖ ಸಿಗುವುದರಿಂದ ಅದೇ ಕೆಲಸ ನೂರಿಪ್ಪತ್ತು ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಹೀಗೆ ಕಾಯಿಸಿದ ನೀರಿನ ಶಾಖ ಬಹುಪಾಲು ಆವಿಯಾಗಿಯೇ ಹೋಗುತ್ತದೆ. ಒಂದು ಲೀಟರ್ ಆವಿಯಾದರೆ ಮುಕ್ಕಾಲು ಯೂನಿಟ್ಟಿಗೆ ಹತ್ತಿರದ ಶಾಖವೂ ಅದರೊಂದಿಗೇ ಹೋದಂತೆ. ರಾತ್ರಿ ಕೊಳದ ಮೇಲೆ ಎಳೆಯುವ ಪ್ಲಾಸ್ಟಿಕ್ ಹೊದಿಕೆ ಅತ್ಯಂತ ಅಗ್ಗದ ಉಪಾಯ. ಬಹಳ ಕಡೆ ಅದನ್ನು ಕೊಂಡ ಮೊದಲ ತಿಂಗಳು ಎಳೆಯುತ್ತಾರೆ, ಆಮೇಲೆ ಅದು ಪಂಪ್ ರೂಮಿನ ಹಿಂದೆ ಎಲೆ ಕಸದ ಕೆಳಗೆ ಸುತ್ತಿ ಬಿದ್ದಿರುತ್ತದೆ. ಹೀಟ್ ಪಂಪಿನ ಒಳಗೆ ಕ್ಲೋರಿನ್ ನೀರು ಹಾಯುವ ಭಾಗ ಟೈಟೇನಿಯಮ್ಮಿನದಾಗಿರಬೇಕು ಎಂಬುದನ್ನೂ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಬರಿಯ ತಾಮ್ರವಾದರೆ ನೀರಿನ ಆಮ್ಲತೆ ಸ್ವಲ್ಪ ಏರಿದರೂ ತೂತು ಬೀಳುತ್ತದೆ.

ಹಾಲಿನಿಂದ ಒಂದು ಟನ್ನಿನಷ್ಟು ಶಾಖ ತೆಗೆದಾಗ ಕಂಪ್ರೆಸರಿನ ಶಾಖವೂ ಸೇರಿ ಸುಮಾರು 4.3 ಕಿಲೋವ್ಯಾಟ್ ಹೊರಗೆ ಹೋಗುತ್ತದೆ. ಅದನ್ನು ಗಾಳಿಗೆ ಎಸೆಯುವ ಬದಲು ಸ್ನಾನದ ನೀರಿಗೋ ಕೊಳಕ್ಕೋ ತಿರುಗಿಸಬಹುದು. ಏಪ್ರಿಲಿನಲ್ಲಿ ಕೊಳಕ್ಕೆ ಬಿಸಿ ಬೇಡ, ಆದರೆ ಡಿಸೆಂಬರಿನಲ್ಲಿ ಕ್ರಿಸ್‌ಮಸ್, ಹೊಸ ವರ್ಷದ ಕೂಟಗಳಿಗೆ ಹಾಲ್ ತುಂಬಿರುವಾಗಲೇ ಕೊಳ ಅತ್ಯಂತ ತಣ್ಣಗಿರುತ್ತದೆ. ಎರಡೂ ಒಂದೇ ಕಾಂಪೌಂಡಿನಲ್ಲಿರುವ ಅನುಕೂಲ ಕಚೇರಿ ಕಟ್ಟಡಗಳಿಗೆ ಇಲ್ಲ, ಮನೆಗಳಿಗಂತೂ ಇಲ್ಲವೇ ಇಲ್ಲ. ಆದರೂ ಕೊಳವನ್ನು ಕ್ರೀಡಾ ಉಪಸಮಿತಿಯೂ ಹಾಲನ್ನು ಕಟ್ಟಡ ಉಪಸಮಿತಿಯೂ ನೋಡಿಕೊಳ್ಳುವುದರಿಂದ ಎರಡರ ಟೆಂಡರುಗಳು ಬೇರೆಬೇರೆ ವರ್ಷಗಳಲ್ಲಿ ಕರೆಯಲ್ಪಟ್ಟು, ಈ ಸಾಧ್ಯತೆ ಯಾರ ಮೇಜಿನ ಮೇಲೂ ಬರುವುದಿಲ್ಲ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆಯ ಪ್ಲಾಂಟರುಗಳ ಕ್ಲಬ್ಬುಗಳ ಕಥೆ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಫೈರ್‌ಪ್ಲೇಸಿನ ಬೆಂಕಿ ಚಳಿ ಕಾಯುವುದಕ್ಕಿಂತ ಗೋಡೆ ಒಣಗಿಸುವುದಕ್ಕೆ ಹೆಚ್ಚು ಬೇಕಾಗುತ್ತದೆ.

ದೊಡ್ಡ ಕ್ಲಬ್ಬುಗಳು ಚಿಲ್ಲರ್, ಅಂದರೆ ನೀರನ್ನು ತಣ್ಣಗೆ ಮಾಡಿ ಕೊಳವೆಗಳಲ್ಲಿ ಎಲ್ಲ ಕೋಣೆಗಳಿಗೂ ಕಳಿಸುವ ದೊಡ್ಡ ಯಂತ್ರ, ಹಾಕಿಸುವಾಗ ಅದನ್ನು ಗಾಳಿಯಿಂದ ತಣಿಸಬೇಕೋ ನೀರಿನಿಂದಲೋ ಎಂಬ ಚರ್ಚೆ ಏಳುತ್ತದೆ. ನೀರಿನಿಂದ ತಣಿಸುವ ಚಿಲ್ಲರಿಗೆ ವಿದ್ಯುತ್ ಕಡಿಮೆ ಸಾಕು, ಆದರೆ ತಾರಸಿಯ ಕೂಲಿಂಗ್ ಟವರಿನಲ್ಲಿ ಟನ್ನಿಗೆ ಗಂಟೆಗೆ ಆರು ಲೀಟರಿಗೂ ಮಿಕ್ಕಿ ನೀರು ಆವಿಯಾಗುತ್ತದೆ. ನೂರು ಟನ್ನಿನ ಯಂತ್ರ ಪೂರ್ಣ ಹೊರೆಯಲ್ಲಿ ಹತ್ತು ಗಂಟೆ ಓಡಿದರೆ ಆರು ಸಾವಿರ ಲೀಟರಿನ ಒಂದು ಟ್ಯಾಂಕರ್ ಗಾಳಿಗೆ ಹೋದಂತೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಿ, ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶಿಸಿದ ದಿನಗಳನ್ನು ಕಂಡ ಮೇಲೆ, ಸಂಸ್ಕರಿಸಿದ ನೀರಿನ ಖಚಿತ ಪೂರೈಕೆ ಇಲ್ಲದ ಕ್ಲಬ್ಬಿಗೆ ನಾನು ನೀರಿನ ಚಿಲ್ಲರನ್ನು ಶಿಫಾರಸು ಮಾಡಲಾರೆ. ಇನ್ನೊಂದು ಕಾರಣವೂ ಇದೆ. 1976ರ ಜುಲೈಯಲ್ಲಿ ಅಮೆರಿಕದ ಫಿಲಡೆಲ್ಫಿಯದ ಒಂದು ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆದ ಮೇಲೆ ಅದರಲ್ಲಿ ಪಾಲ್ಗೊಂಡವರಲ್ಲಿ ಹಲವರು ವಿಚಿತ್ರ ನ್ಯುಮೋನಿಯಾದಿಂದ ಮಲಗಿದರು, ಸುಮಾರು ಮೂವತ್ತು ಮಂದಿ ಸತ್ತರು. ಮರುವರ್ಷದ ಜನವರಿಯಲ್ಲಿ ಕಂಡುಹಿಡಿದ ಬ್ಯಾಕ್ಟೀರಿಯಾಕ್ಕೆ ಆ ಸಂಘದ ನೆನಪಿನಲ್ಲೇ ಲೀಜಿಯೊನೆಲ್ಲಾ ಎಂದು ಹೆಸರಾಯಿತು. ಹೋಟೆಲಿನ ಹವಾನಿಯಂತ್ರಣದ ಮೂಲಕವೇ ಅದು ಹರಡಿರಬೇಕೆಂದು ತರ್ಕಿಸಲಾಯಿತು. ಉಗುರುಬೆಚ್ಚಗಿನ, ನಿಂತ, ಪಾಚಿಗಟ್ಟಿದ ನೀರು ಅದಕ್ಕೆ ಪ್ರಿಯ. ಕೂಲಿಂಗ್ ಟವರನ್ನು ಕಾಲಕಾಲಕ್ಕೆ ತೊಳೆದು ಔಷಧ ಹಾಕುವುದು, ಸ್ನಾನದ ನೀರಿನ ಟ್ಯಾಂಕನ್ನು 60 ಡಿಗ್ರಿಯಲ್ಲಿ ಇಡುವುದು ಸದಸ್ಯರಲ್ಲಿ ಅರ್ಧದಷ್ಟು ಜನ ಅರವತ್ತು ದಾಟಿದವರೇ ಆಗಿರುವ ಕಡೆ ಅಲಕ್ಷ್ಯ ಮಾಡುವ ವಿಷಯವಲ್ಲ.

ಇನ್ನು ಸರ್ವಿಸ್. ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು’ ಎಂಬ ಮಾತು ವರ್ಷಕ್ಕೊಮ್ಮೆ ಕಿವಿಗೆ ಬಿದ್ದರೆ ಅನುಮಾನ ಪಡಬೇಕು. ಎ.ಸಿ.ಯ ಅನಿಲ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕಿ ಬೆಸುಗೆ ಹಾಕಿ, ಸಾರಜನಕದ ಒತ್ತಡದಲ್ಲಿ ಪರೀಕ್ಷಿಸಿ, ವ್ಯಾಕ್ಯೂಮ್ ಎಳೆದು, ತೂಕ ಮಾಡಿ ತುಂಬಿಸುವುದು ಕ್ರಮ. ಹಳೆಯ ಯಂತ್ರಗಳಲ್ಲಿರುವ ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಭಾರತವೂ ಅದರ ಬಳಕೆಯನ್ನು 2030ರ ಹೊತ್ತಿಗೆ ಬಹುತೇಕ ನಿಲ್ಲಿಸಬೇಕಿದೆ. ಆದ್ದರಿಂದ ಅಂಥ ಯಂತ್ರದ ಕಂಪ್ರೆಸರ್ ಸುಟ್ಟಾಗ ಹೊಸ ಕಂಪ್ರೆಸರಿಗೆ ದುಡ್ಡು ಸುರಿಯುವುದಕ್ಕಿಂತ ಇಡೀ ಯಂತ್ರವನ್ನೇ ಬದಲಿಸುವುದು ಜಾಣತನ. ಈಗ ಬರುವ ಆರ್-32 ಭೂಮಿಯ ತಾಪ ಏರಿಸುವುದರಲ್ಲಿ ಆರ್-22ರ ಅರ್ಧಕ್ಕೂ ಕಡಿಮೆ, ಆದರೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವಿದೆ. ಬೀಡಿ ಸೇದುತ್ತ ಬೆಸುಗೆ ಹಾಕುವ ಹಳೆಯ ಅಭ್ಯಾಸಕ್ಕೆ ಅಲ್ಲಿ ಜಾಗವಿಲ್ಲ.

ವಾರ್ಷಿಕ ಒಪ್ಪಂದಗಳಲ್ಲಿ ಎರಡು ಬಗೆ: ಬಿಡಿಭಾಗಗಳೂ ಸೇರಿದ ಕಾಂಪ್ರಹೆನ್ಸಿವ್, ಬರೀ ಕೂಲಿಯ ನಾನ್-ಕಾಂಪ್ರಹೆನ್ಸಿವ್. ಯಾವುದಾದರೂ ಸರಿ, ಅದರಲ್ಲಿ ‘ವರ್ಷಕ್ಕೆ ನಾಲ್ಕು ಸರ್ವಿಸ್’ ಎಂದಷ್ಟೇ ಬರೆದಿದ್ದರೆ ಹುಡುಗರು ತಮಗೆ ಬಿಡುವಾದಾಗ ಬರುತ್ತಾರೆ, ಬಂದಾಗ ಹಾಲಿನಲ್ಲಿ ನಾಮಕರಣ ನಡೆಯುತ್ತಿರುತ್ತದೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ದಿನಾಂಕಗಳನ್ನು ಪಂಚಾಂಗ ನೋಡಿ ಬರೆಸುವುದು ನನ್ನ ಪದ್ಧತಿ. ಹಾಲಿನ ದೊಡ್ಡ ಕೆಲಸಗಳಿಗೆ, ಅಂದರೆ ಡಕ್ಟ್ ತೊಳೆಯುವುದು, ಕಾಯಿಲ್ ಬಿಚ್ಚುವುದು, ಮೋಟಾರಿನ ಬೇರಿಂಗ್ ಬದಲಿಸುವುದಕ್ಕೆ ಮದುವೆಗಳಿಲ್ಲದ ಆಷಾಢ. ಅತಿಥಿ ಕೋಣೆಗಳ ಬಿಸಿನೀರಿಗೆ ಚಳಿ ಹತ್ತುವ ಮೊದಲಿನ ದೀಪಾವಳಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವ ಮೊದಲೇ ಶಾಖವನ್ನು ಹೊರಹಾಕುವ ಹೊರಗಿನ ಕಂಡೆನ್ಸರುಗಳ ಧೂಳು ತೊಳೆದಿರಬೇಕು, ಯಾಕೆಂದರೆ ಅಲ್ಲಿಂದ ಮುಂದೆ ಏಪ್ರಿಲಿನ ಬಿಸಿಲು, ಐಪಿಎಲ್ ಸಂಜೆಗಳ ತುಂಬಿದ ಬಾರ್ ಮತ್ತು ಮದುವೆಗಳು ಒಟ್ಟಿಗೇ ಬರುತ್ತವೆ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಧೂಳು ಕಟ್ಟಿದ ಕಂಡೆನ್ಸರು ಅಂಥ ದಿನವೇ ಕೈ ಕೊಡುವುದು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರ ಶಬ್ದದ ಮಿತಿ 45 ಡೆಸಿಬೆಲ್ ಆಗಿರುವುದರಿಂದ, ಕಾಂಪೌಂಡಿಗೆ ಅಂಟಿಕೊಂಡ ಹೊರಘಟಕಗಳ ಫ್ಯಾನು ಗಲಾಟೆ ಮಾಡುತ್ತಿದೆಯೇ ಎಂದು ಅದೇ ಸಲ ನೋಡಿಬಿಟ್ಟರೆ ಪಕ್ಕದ ಮನೆಯವರೂ ಸುಮ್ಮನಿರುತ್ತಾರೆ.

ಇಷ್ಟೆಲ್ಲ ಬರೆಸಿದರೂ ಸಮಿತಿ ಒಂದೆರಡು ವರ್ಷಕ್ಕೆ ಬದಲಾಗುತ್ತದೆ. ಯಾವ ಯಂತ್ರ ಯಾಕೆ ಅಲ್ಲಿದೆ ಎಂದು ತಿಳಿದವರು ಚುನಾವಣೆಯಲ್ಲಿ ಸೋತು ಮನೆಗೆ ಹೋಗಿರುತ್ತಾರೆ. ಪ್ಲಾಂಟ್ ರೂಮಿನಲ್ಲಿ ಮೊಳೆಗೆ ನೇತುಹಾಕಿದ ಲಾಗ್ ಬುಕ್ಕನ್ನು ನಾನು ಯಂತ್ರದಷ್ಟೇ ಜೋಪಾನ ಮಾಡಲು ಹೇಳುವುದು ಅದಕ್ಕೆ. ಕೆಲವು ವರ್ಷಗಳ ಹಿಂದೆ ಒಂದು ಕ್ಲಬ್ಬಿನ ಹೊಸ ಸಮಿತಿ, ವರ್ಷಾಂತ್ಯದ ಕೂಟದಲ್ಲಿ ಹಾಲ್ ಕಾದಿತ್ತು ಎಂಬ ದೂರಿನ ಮೇಲೆ, ಎರಡು ಹೆಚ್ಚುವರಿ ಯಂತ್ರಗಳಿಗೆ ಮಂಜೂರಾತಿ ಕೊಡುವ ಹಂತದಲ್ಲಿತ್ತು. ನಾನು ಪುಸ್ತಕ ಕೇಳಿದೆ. ಡಿಸೆಂಬರ್ 31ರ ಪುಟದಲ್ಲಿ ಆಪರೇಟರು ಪೆನ್ಸಿಲಿನಲ್ಲಿ ಬರೆದದ್ದು ಇಷ್ಟು (ಡ್ಯಾಂಪರ್ ಎಂದರೆ ಹೊರಗಾಳಿ ಒಳಬರುವ ದಾರಿಯ ಕದ): ‘ರಾತ್ರಿ 9.10. ಜನ 340. ಒಳಗೆ 28, ಹೊರಗೆ 19. ಫ್ರೆಶ್ ಏರ್ ಡ್ಯಾಂಪರ್ ಮುಚ್ಚಿ ತಂತಿ ಕಟ್ಟಿದ್ದಾರೆ, ಬೇಸಿಗೆಯಲ್ಲಿ ಕಟ್ಟಿದ್ದು. ತಂತಿ ಕತ್ತರಿಸಿ ಪೂರ್ತಿ ತೆರೆದೆ. 9.50ಕ್ಕೆ 24.’